ಸಂಗೀತದ ಕೋಣೆ ಯಾರ ಪಾಲಿಗೆ?

ಸಂಗೀತದ ಕೋಣೆಯ ಬಾಗಿಲಿಗೆ ಹೊಸದೊಂದು ಬೀಗ ಬಿದ್ದಿತ್ತು. ಸಂಗೀತದ ಮೇಷ್ಟ್ರ ಆ ದಿನದ ಸಕಲ ಸಂಕಟಕ್ಕೂ ಅದೇ ಮೂಲ.

ಹಳೆಯ ಬೀಗದ ಸ್ವಭಾವವನ್ನು ಮೇಷ್ಟ್ರು ಚೆನ್ನಾಗಿ ಬಲ್ಲರು. ಕೀಲಿ ತೂರಿಸಿ ಪಕ್ಕೆಗೊಂದು ಗುದ್ದು ಕೊಟ್ಟರೆ ಸಾಕು, ಮರುಮಾತಿಲ್ಲದೆ ತೆರೆದುಕೊಳ್ಳುತ್ತಿತ್ತು. ಇದೋ, ಹೊಟ್ಟೆ ಬಿರಿಯ ಉಂಡು ಕೂತ ಸಾಹುಕಾರನಂತೆ ಮಿರಮಿರ ಮಿಂಚುತ್ತ ಚಿಲಕದಲ್ಲಿ ತೂಗುತ್ತಿತ್ತು. ಮೇಷ್ಟ್ರ ಕೀಲಿಯನ್ನು ಅದು ಮೂಸಿಯೂ ನೋಡಲಿಲ್ಲ. ಮೇಷ್ಟ್ರು ಗುದ್ದಿದರು, ಬೆರಳಿನ ಗೆಣ್ಣು ಸುಲಿಯಿತು. ಬಾಗಿಲಿಗೆ ಒದ್ದರು, ಬೂಟಿನ ಅಟ್ಟೆ ಬಾಯಿಬಿಟ್ಟಿತು. ಅವರ ಸಿಟ್ಟೆಂದರೆ ಯಾವಾಗಲೂ ಒಲೆಯ ಮೇಲಿಟ್ಟ ಹಾಲು. ಉಕ್ಕುವುದಕ್ಕೆ ಇಷ್ಟು ಕಾವು ಧಾರಾಳವಾಯಿತು.

“ಯಾವನೋ ಅವನು, ನನ್ನ ಕೋಣೆಗೆ ಬೀಗ ಜಡಿದೋನು?”

ಪ್ರಶ್ನೆ ಕಾರಿಡಾರಿನುದ್ದಕ್ಕೂ ಗುಡುಗಿತು. ಅಂಗಳಕ್ಕೆ ಹೊರಟಿದ್ದ ಮಕ್ಕಳ ಸಾಲೊಂದು ಗೋಡೆಗೆ ಅಂಟಿಕೊಂಡಿತು.

“ಬೆಳಿಗ್ಗೆ ಬೆಳಿಗ್ಗೇನೇ ಮೇಲಿನ ಸ್ಥಾಯಿಗೆ ಹೋಗ್ಬಿಟ್ರಲ್ಲ ಭಾವ!” ಎಂದು ಮೆಟ್ಟಿಲ ಬುಡದಿಂದ ಯಾರೋ ಹೇಳಿದರು.

ಆ ಕಾನ್ವೆಂಟ್ ಶಾಲೆಯಲ್ಲಿ ಅವರನ್ನು ಭಾವ ಎಂದು ಕರೆಯುವ ಹಕ್ಕಿದ್ದವನು ಒಬ್ಬನೇ. ಎಲ್ಲರ ಬಾಯಲ್ಲೂ ಬ್ಯಾಂಡ್ ಮೇಷ್ಟ್ರಾಗಿದ್ದ ಅವನು ಸಂಗೀತದ ಮೇಷ್ಟ್ರ ಹೆಂಡತಿಯ ತಮ್ಮ. ಕೆಲಸವಿಲ್ಲದೆ ಅಕ್ಕನ ಮನೆಯ ಸೋಫಾ ಸವೆಸುತ್ತಿದ್ದವನನ್ನು, ಪ್ರಿನ್ಸಿಪಾಲರ ಬಳಿ ಹಲ್ಲು ಗಿಂಜಿ ಡ್ರಿಲ್ ಮೇಷ್ಟ್ರಾಗಿ ಸೇರಿಸಿದವರು ಇದೇ ಭಾವ. ಸೇರಿದವನು ಕವಾಯತಿಗೆಂದು ಒಂದು ಡ್ರಮ್ಮು ತಂದ. ಡ್ರಮ್ಮಿನ ಬೆನ್ನಿಗೆ ಟ್ರಂಪೆಟ್ಟು ಬಂತು, ಟ್ರಂಪೆಟ್ಟಿನ ಬೆನ್ನಿಗೆ ಮಕ್ಕಳು ಹೊರಟರು. ನೋಡನೋಡುತ್ತ ಶಾಲೆಯಲ್ಲಿ ಬ್ಯಾಂಡ್ ಸಂಘವೆಂಬುದು ಎದ್ದು ನಿಂತು, ಹಳೆಯ ಗಾಯನ ವೃಂದದ ಮುಂದೆ ಎದೆ ಸೆಟೆಸತೊಡಗಿತು.

“ಬೀಗ ನಿಂದಾ?” ಮೇಷ್ಟ್ರು ಹಲ್ಲು ಕಡಿದರು.

“ಅಯ್ಯೋ, ನಂದ್ಯಾಕೆ ಭಾವ? ಪ್ರಿನ್ಸಿಪಾಲ್ ಸಿಸ್ಟರ್‌ದು. ನನಗೂ ಒಳಗೆ ಹೋಗೋಕೆ ಬಿಡ್ತಿಲ್ಲ.”

“ನಿನಗೆ ಒಳಗೆ ಏನು ಕೆಲಸ?”

“ಕೋಣೆ ಬ್ಯಾಂಡಿಗೂ ಸಿಗುತ್ತಾ ಅಂತ ಕೇಳೋಕೆ ಸಿಸ್ಟರ್ ಹತ್ರ ಹೋಗಿದ್ದೆ,” ಎಂದ ಬಾಮೈದ, ಟ್ರಂಪೆಟ್ಟನ್ನು ಅಂಗಿಯ ತುದಿಯಿಂದ ಒರೆಸುತ್ತ. ಸೇಬು ಕದ್ದು ತಿಂದ ಮಗುವಿನಷ್ಟು ಮುಗ್ಧವಾಗಿತ್ತು ಅವನ ಮುಖ.

ಮುಂದಿನ ಮಾತು ಕೇಳಲು ಮೇಷ್ಟ್ರು ಅಲ್ಲಿರಲಿಲ್ಲ. ಬಾಯಿಬಿಟ್ಟ ಬೂಟು ಚಟಪಟ ಎನ್ನುತ್ತ ಪ್ರಿನ್ಸಿಪಾಲರ ಕೋಣೆಯ ಕಡೆ ಧಾವಿಸಿತ್ತು.

ಪ್ರಿನ್ಸಿಪಾಲ್ ಸಿಸ್ಟರ್ ಜಗತ್ತು ಮುಳುಗಿದರೂ ದನಿ ಏರಿಸುವವರಲ್ಲ. ಆ ಶಾಂತಿಯೇ ಮೇಷ್ಟ್ರ ಸಿಟ್ಟಿಗೆ ಸೀಮೆಎಣ್ಣೆ.

“ಕೂತ್ಕೊಳ್ಳಿ ಮೇಷ್ಟ್ರೇ.”

“ನಿಂತೇ ಮಾತಾಡ್ತೀನಿ ಸಿಸ್ಟರ್.”

“ನಿಂತ್ರೆ ಕೂಗ್ತೀರ. ಕೂತ್ಕೊಳ್ಳಿ.”

ಮೇಷ್ಟ್ರು ಕೂತರು. ಕೂತು ಕೂಗಿದರು. ಆ ಕೋಣೆ ತಮ್ಮದು, ಅದರ ಮರದ ನೆಲಕ್ಕೆ ಮೇಣ ಹಚ್ಚಿದವರು ತಾವು, ಅಲ್ಲಿ ಸ್ವರ ಕಲಿತ ಹುಡುಗರ ಮಕ್ಕಳೂ ಈಗ ಅಲ್ಲೇ ಸ್ವರ ಕಲಿಯುತ್ತಿದ್ದಾರೆ, ಹಾಗಿರುವಾಗ ಬೀಗ ಹಾಕುವುದೆಂದರೆ ಬದುಕಿರುವವನನ್ನು ಹೂತ ಹಾಗೆ, ಎಂದೆಲ್ಲ ಹೇಳಿದರು. ಸಿಸ್ಟರ್ ಪೂರ್ತಿ ಕೇಳಿ, ಕನ್ನಡಕ ಒರೆಸಿಕೊಂಡರು.

“ನೋಡಿ ಮೇಷ್ಟ್ರೇ, ಶಾಲೆ ತುಂಬ ಸಂಘಗಳು ಅಣಬೆ ಎದ್ದ ಹಾಗೆ ಎದ್ದಿವೆ. ಚರ್ಚಾ ಸಂಘ ಲೈಬ್ರರೀಲಿ ಕಿರುಚುತ್ತೆ, ಚೆಸ್ ಸಂಘ ಮೆಟ್ಟಿಲ ಮೇಲೆ ಕೂರುತ್ತೆ, ವಿಜ್ಞಾನ ಸಂಘ ಲ್ಯಾಬ್ ಬಿಟ್ಟು ಕದಲೋದಿಲ್ಲ. ದೊಡ್ಡ ಕೋಣೆ ಅಂತ ಉಳಿದಿರೋದು ಅದೊಂದೇ. ನಿಮ್ಮ ಕ್ವಾಯರ್‌ಗೂ ಅದೇ ಬೇಕು, ಬ್ಯಾಂಡಿಗೂ ಅದೇ ಬೇಕು. ನಾನು ಯಾರಿಗೆ ಕೊಟ್ರೂ ನಿಮ್ಮ ಮನೇಲಿ ಪಾತ್ರೆ ಹಾರಾಡುತ್ತೆ. ಆ ಪಾಪ ನನಗೆ ಬೇಡ.”

“ಅದಕ್ಕೆ?”

“ಇವತ್ತು ಮಧ್ಯಾಹ್ನ ಬಿಷಪ್ಪರು ಬರ್ತಿದ್ದಾರೆ. ಎರಡೂ ತಂಡ ಚಾಪೆಲಿನಲ್ಲಿ ಒಂದೊಂದು ಗೀತೆ ಒಪ್ಪಿಸಲಿ. ಅವರು ಯಾರಿಗೆ ಅಂತಾರೋ ಅವರಿಗೆ ಕೋಣೆ. ಅಲ್ಲೀವರೆಗೆ ಯಾರೂ ಒಳಗೆ ಹೋಗೋ ಹಾಗಿಲ್ಲ. ಕೀಲಿ ನನ್ನ ಜೇಬಲ್ಲಿದೆ.”

“ಸೋತವರು?”

“ಸೈಕಲ್ ಶೆಡ್ಡಿನ ಪಕ್ಕ ಜಾಗ ಇದೆ. ಗಾಳಿ ಚೆನ್ನಾಗಿ ಬರುತ್ತೆ.”

ಮೇಷ್ಟ್ರ ಕಣ್ಣ ಮುಂದೆ ಸೈಕಲ್ ಶೆಡ್ಡು ಬಂದು ನಿಂತಿತು. ಗ್ರೀಸಿನ ವಾಸನೆ, ತಗಡಿನ ಸೂರು, ಸ್ವರವೆತ್ತುವಾಗ ನಡುವೆ ಟ್ರಿಣ್ ಎನ್ನುವ ಗಂಟೆಗಳು. ಮನೆಯಲ್ಲಿ ಅವರು ಸ್ವರ ತೆಗೆದರೆ ಹೆಂಡತಿ ರೇಡಿಯೋದ ದನಿ ಏರಿಸುತ್ತಿದ್ದಳು. ಈ ಭೂಮಿಯ ಮೇಲೆ ಅವರು ಬಾಯಿ ತುಂಬ ಹಾಡಬಹುದಾದ ತಾಣ ಆ ಎತ್ತರದ ಸೂರಿನ ಕೋಣೆಯೊಂದೇ. ಅದನ್ನು ಆ ಊದುಗೊಳವೆಗೆ ಬಿಟ್ಟುಕೊಡುವುದೆ? ಪ್ರಾಣ ಹೋದರೂ ಇಲ್ಲ!

“ಚಾಪೆಲಿನ ಗೋಡೆ ನಡುಗಿಸ್ತೀನಿ, ನೋಡ್ತಿರಿ ಸಿಸ್ಟರ್,” ಎಂದು ಮೇಜು ಕುಟ್ಟಿ ಹೊರಟರು. ಮೇಜಿನ ಮೇಲಿನ ಗಂಟೆ ತಾನಾಗಿ ಮೊಳಗಿ, ಏನಾಯಿತೋ ಎಂದು ಅಟೆಂಡರ್ ಓಡಿ ಬಂದ.

ಆದರೆ ಗೋಡೆ ನಡುಗಿಸಲು ಮೊದಲು ವೃಂದ ಒಂದೆಡೆ ಸೇರಬೇಕಲ್ಲ? ಅಂದು ಸಂಘಗಳ ದಿನ. ಪಾಠಗಳಿಗೆ ರಜೆ, ಮಕ್ಕಳೆಲ್ಲ ತಂತಮ್ಮ ಸಂಘಗಳಲ್ಲಿ ಚದುರಿಹೋಗಿದ್ದರು. ಗಾಯನ ವೃಂದದವರೂ ಬೇರೆ ಬೇರೆ ಸಂಘಗಳ ಸದಸ್ಯರೇ. ಕೂಡಿಸೋಣವೆಂದರೆ ಕೋಣೆಗೆ ಬೀಗ. ಶಾಲೆಯ ಪ್ರಾರ್ಥನಾ ಮಂದಿರವಾದ ಚಾಪೆಲಿನಲ್ಲಿ ಬಿಷಪ್ಪರಿಗಾಗಿ ನೆಲ ತೊಳೆಯುತ್ತಿದ್ದರು. ಇನ್ನು ಉಳಿದದ್ದು ಒಂದೇ ದಾರಿ. ಹಾಡುಗಾರರನ್ನು ಇದ್ದಲ್ಲೇ ಹಿಡಿದು, ಗುಂಪು ಗುಂಪಾಗಿ ಪರೀಕ್ಷಿಸಿ, ತಿದ್ದಿ, ಮಧ್ಯಾಹ್ನ ನೇರವಾಗಿ ಚಾಪೆಲಿಗೆ ಅಟ್ಟುವುದು.

ಮೊದಲು ಬಾಸ್ಕೆಟ್‌ಬಾಲ್ ಅಂಗಳಕ್ಕೆ ಹೋದರು. ವೃಂದದ ದಪ್ಪ ದನಿಯ ಹುಡುಗರೆಲ್ಲ ಅಲ್ಲಿದ್ದರು.

“ಬನ್ರೋ ಇಲ್ಲಿ! ಮೊದಲ ಸಾಲು ಹಾಡಿ ನೋಡೋಣ.”

ಹುಡುಗರು ಬಾಯಿ ತೆರೆದರು. ಹೊರಬಂದದ್ದು ತುಕ್ಕು ಹಿಡಿದ ಗೇಟನ್ನು ಒಟ್ಟಿಗೆ ನಾಲ್ಕು ಜನ ತಳ್ಳಿದಂಥ ಸದ್ದು.

“ಏನ್ರೋ ಇದು?”

“ನಿನ್ನೆ ಮ್ಯಾಚ್ ಇತ್ತು ಸಾರ್,” ಎಂದು ಒಬ್ಬ ಗಂಟಲಲ್ಲೇ ಗೊರಗೊರಿಸಿದ. “ಕೂಗಿ ಕೂಗಿ ಗಂಟಲು ಹೋಯ್ತು. ಗೆದ್ವಿ ಸಾರ್.”

“ನಿಮ್ಮ ಗೆಲುವಿಗೆ ಬೆಂಕಿ ಬೀಳ!”

ಇಲ್ಲಿ ಮೇಷ್ಟ್ರ ಒಂದು ಗುಟ್ಟನ್ನು ಓದುಗರಿಗೆ ಹೇಳಲೇಬೇಕು. ಪ್ರತಿವರ್ಷವೂ ವೃಂದದಲ್ಲಿ ಸ್ವರದ ನೆರೆಹೊರೆಗೂ ಸುಳಿಯದ ಒಂದೆರಡು ಗಂಟಲುಗಳು ಇದ್ದೇ ಇರುತ್ತಿದ್ದವು. ತೆಗೆದುಹಾಕಿದರೆ ತಾಯಂದಿರು ಜಗಳಕ್ಕೆ ಬರುತ್ತಾರೆ; ಬಿಟ್ಟರೆ ಹಾಡು ಕೆಡುತ್ತದೆ. ಅದಕ್ಕೆ ಮೇಷ್ಟ್ರು ಕಂಡುಕೊಂಡ ಉಪಾಯವೇ ‘ಬಾಯಾಟ’. ಅಂಥ ಮಗುವನ್ನು ಪಕ್ಕಕ್ಕೆ ಕರೆದು, “ನೀನು ಬಾಯಿ ಮಾತ್ರ ಆಡಿಸು. ಸ್ವರ ತೆಗೀಬೇಡ. ಯಾರಿಗೂ ಹೇಳಬೇಡ,” ಎಂದು ಕಿವಿಯಲ್ಲಿ ಉಸುರಿ, ಕೈಯಲ್ಲಿ ಕೈ ಇಡಿಸಿಕೊಂಡು ಮಾತು ತೆಗೆದುಕೊಳ್ಳುತ್ತಿದ್ದರು. ಮಗುವಿನ ಮಾನ ಉಳಿಯುತ್ತಿತ್ತು, ಹಾಡಿನ ಮಾನವೂ ಉಳಿಯುತ್ತಿತ್ತು. ಇದುವರೆಗೆ ಆ ಉಪಾಯ ಒಮ್ಮೆಯೂ ಕೈಕೊಟ್ಟಿರಲಿಲ್ಲ.

“ಇವತ್ತು ನೀವು ಬರೀ ಬಾಯಾಡಿಸಿ,” ಎಂದರು ಮೇಷ್ಟ್ರು. “ಗಂಟಲಿಂದ ಒಂದು ಚೂರು ಸದ್ದು ಬಂದ್ರೆ ಚರ್ಮ ಸುಲೀತೀನಿ. ಉಳಿದೋರಿಗೆ ಗೊತ್ತಾಗಬಾರದು, ಅವರ ಧೈರ್ಯ ಹೋಗುತ್ತೆ. ಇಡಿ ಕೈ!”

ಹುಡುಗರು ಬೆವರುಗೈ ಇಟ್ಟರು.

ದಪ್ಪ ದನಿ ಹೋದರೇನು, ಮಧ್ಯಮ ದನಿಗಳಿವೆಯಲ್ಲ ಎಂದು ಮೇಷ್ಟ್ರು ಲೈಬ್ರರಿಗೆ ನುಗ್ಗಿದರು. ಅಲ್ಲಿ ಚರ್ಚಾ ಸಂಘದ ಕಾಳಗ ನಡೆದಿತ್ತು. ಅದರ ಮುಖಂಡನಿಗೆ ಶಾಲೆಯಿಟ್ಟ ಹೆಸರು ವಕೀಲ. ಅವನೂ ಅವನ ಬೆಂಚಿನವರೂ ವೃಂದದಲ್ಲಿ ಎಡಗಡೆಯ ಸಾಲು. ಹಾಡು ಎಂದೊಡನೆ ಎದ್ದು ನಿಂತು ಹಾಡಿದರು. ಆದರೆ ಬೆಳಗಿನಿಂದ ವಾದ ಮಾಡಿ ಮಾಡಿ ನಾಲಿಗೆಗೆ ಓಟ ಹಿಡಿದುಬಿಟ್ಟಿತ್ತು. ಹಾಡಿನ ಪ್ರತಿ ಸಾಲನ್ನೂ ಎದುರಾಳಿಯ ಬಾಯಿ ಮುಚ್ಚಿಸುವವರಂತೆ ಒದರಿ, ಮೇಷ್ಟ್ರ ಕೈ ಮೊದಲ ಚರಣದಲ್ಲಿದ್ದಾಗಲೇ ಇವರು ಮುಗಿಸಿ ಕೂತಿದ್ದರು.

“ರೈಲು ತಪ್ಪುತ್ತೇನ್ರೋ ನಿಮಗೆ?” ಮೇಷ್ಟ್ರು ಸಿಡಿದರು. “ಬೇಡ, ನೀವು ಹಾಡೋದೇ ಬೇಡ. ಬಾಯಾಡಿಸಿ, ಸಾಕು.”

“ಸಾರ್, ಒಂದು ಆಕ್ಷೇಪಣೆ,” ಎಂದ ವಕೀಲ. “ಹಾಡದೆ ಹಾಡಿದ ಹಾಗೆ ಮಾಡೋದು ಮೋಸ ಅಲ್ವಾ?”

“ಅದು ಶಿಸ್ತು!”

“ಹಾಗಾದ್ರೆ ಶಿಸ್ತಿಗೂ ಮೋಸಕ್ಕೂ ಇರೋ ವ್ಯತ್ಯಾಸ...”

“ನನ್ನ ಕೈಗೂ ನಿನ್ನ ಕಿವಿಗೂ ಇರೋವಷ್ಟು. ನೋಡ್ತೀಯಾ?”

ವಕೀಲ ಆ ಅಂತರವನ್ನು ಕಣ್ಣಲ್ಲೇ ಅಳೆದು ಆಕ್ಷೇಪಣೆಯನ್ನು ಹಿಂತೆಗೆದುಕೊಂಡ. ಅವನ ಬೆಂಚಿನವರೂ ಕೈ ಇಟ್ಟರು.

ಹೊರಗೆ ಬರುತ್ತಿದ್ದಂತೆ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಹೆಂಡತಿ.

“ನನ್ನ ತಮ್ಮನ ಮೇಲೆ ಕೂಗಾಡಿದ್ರಂತೆ?”

“ಆಗ್ಲೇ ಊದಿದ್ನಾ?”

“ಪಾಪ, ಮಗು ಏನೂ ಹೇಳ್ಲಿಲ್ಲ. ‘ಭಾವ ಯಾಕೋ ಬೇಜಾರಲ್ಲಿದ್ದಾರೆ, ರಾತ್ರಿಗೆ ಅವರಿಗೆ ಇಷ್ಟ ಆಗೋದು ಏನಾದ್ರೂ ಮಾಡಕ್ಕ’ ಅಂದ, ಅಷ್ಟೇ. ನಿಮ್ಮಂಥೋರಿಗೂ ಎಷ್ಟು ಮರ್ಯಾದೆ ಕೊಡ್ತಾನೆ ನೋಡಿ.”

“ಮಗುಗೆ ಬೊಕ್ಕತಲೆ ಬರ್ತಾ ಇದೆ ಕಣೇ!”

“ನಿಮ್ಮ ಜೊತೆ ಕೆಲಸ ಮಾಡಿದ್ರೆ ಇನ್ನೇನಾಗುತ್ತೆ?” ಎಂದು ಆಕೆ ಫೋನಿಟ್ಟಳು. ಮೇಷ್ಟ್ರು ಸದ್ದಿಲ್ಲದ ಫೋನಿಗೆ ಇನ್ನೂ ಸ್ವಲ್ಪ ಹೊತ್ತು ಉತ್ತರ ಕೊಟ್ಟರು.

ಆ ಕಾವಿನಲ್ಲೇ ಲ್ಯಾಬಿನ ಬಾಗಿಲು ದೂಡಿದರು. ಉದ್ದನೆಯ ಮೇಜಿನ ಮೇಲೆ, ಮುಳ್ಳು ಬಿಡಿಸಿಟ್ಟ ದೊಡ್ಡ ಮೀನಿನಂತೆ, ಚಾಪೆಲಿನ ಹಾರ್ಮೋನಿಯಂ ಮಲಗಿತ್ತು. ಒಂದು ಕಡೆ ತಿದಿ, ಒಂದು ಕಡೆ ಹಿತ್ತಾಳೆಯ ನಾಲಿಗೆಗಳು, ಇನ್ನೊಂದು ಕಡೆ ಹಲ್ಲು ಕಿತ್ತಿಟ್ಟಂತೆ, ಬೆರಳಿಂದ ಒತ್ತುವ ಬಿಳಿ ಕರಿ ಮನೆಗಳ ರಾಶಿ. ವಿಜ್ಞಾನ ಸಂಘದ ಅಧ್ಯಕ್ಷೆ, ಎಲ್ಲರೂ ಸ್ಕ್ರೂ ಎಂದು ಕರೆಯುತ್ತಿದ್ದ ಹುಡುಗಿ, ಸ್ಕ್ರೂಡ್ರೈವರ್ ಕಿವಿಗೆ ಸಿಕ್ಕಿಸಿಕೊಂಡು ನಿಂತಿದ್ದಳು. ಸುತ್ತ ನಿಂತವರು ವೃಂದದ ನಡುಸಾಲಿನವರೇ.

“ಇದೇನಮ್ಮಾ ಇದು?” ಮೇಷ್ಟ್ರ ದನಿ ಮೊದಲ ಬಾರಿಗೆ ಕೆಳಗಿಳಿದಿತ್ತು.

“ಒಂದು ಮನೆ ಒತ್ತಿದ್ರೆ ಏಳ್ತಿಲ್ಲ, ನೋಡಿ ಅಂತ ಸಿಸ್ಟರ್ ಹೇಳಿದ್ರು ಸಾರ್.”

“ನೋಡಿದ್ರಾ?”

“ಪೂರ್ತಿ ನೋಡಿದ್ವಿ ಸಾರ್!”

“ಮತ್ತೆ ಜೋಡಿಸೋದು?”

“ಅದು ಮುಂದಿನ ವಾರದ ಚಟುವಟಿಕೆ ಸಾರ್.”

ಮೇಷ್ಟ್ರ ಹಣೆಯ ನರ ಹಗ್ಗದಂತೆ ಉಬ್ಬಿತು. ಹಾರ್ಮೋನಿಯಂ ಇಲ್ಲವೆಂದರೆ ವಾದ್ಯದ ಆಸರೆಯಿಲ್ಲದೆ ಬರೀ ಕಂಠದಲ್ಲಿ ಹಾಡಬೇಕು. ನಡುಸಾಲಿನ ಈ ಮಕ್ಕಳೋ, ಹಾರ್ಮೋನಿಯಂ ಎಳೆದ ಕಡೆಗೆ ಮಾತ್ರ ಹೋಗುವವರು. ಅದಿಲ್ಲದಿದ್ದರೆ ಸಂತೆಯಲ್ಲಿ ಕೈ ತಪ್ಪಿದ ಕೂಸುಗಳು.

“ನಿಮ್ಮ ಬುದ್ಧಿಗೆ ನಾಲ್ಕು ಮೊಳೆ ಹೊಡೆಯಾ! ನೀವ್ಯಾರೂ ಇವತ್ತು ಸ್ವರ ತೆಗೆಯೋ ಹಾಗಿಲ್ಲ. ಬಾಯಾಡಿಸಿ. ಯಾರಿಗಾದ್ರೂ ಹೇಳಿದ್ರೋ, ನಿಮ್ಮನ್ನೂ ಹೀಗೇ ಬಿಡಿಸಿ ಮೇಜಿನ ಮೇಲಿಡ್ತೀನಿ!”

ಎಲ್ಲರೂ ಕೈ ಇಟ್ಟರು. ಸ್ಕ್ರೂ ಮಾತ್ರ, “ಹಾಗೆ ಬಿಡಿಸೋಕೆ ಎಷ್ಟು ಹೊತ್ತು ಬೇಕಾಗುತ್ತೆ ಸಾರ್?” ಎಂದು ಕೇಳಿದಳು, ನಿಜವಾದ ಕುತೂಹಲದಿಂದ.

ಮೇಷ್ಟ್ರು ಇಷ್ಟಕ್ಕೂ ಎದೆಗುಂದಲಿಲ್ಲ. ಕೋಗಿಲೆ ಇದ್ದಾಳಲ್ಲ! ವೃಂದದ ಮುಂದಾಳು ಆ ಹುಡುಗಿ. ಅವಳು ಸ್ವರವೆತ್ತಿದರೆ ಒಬ್ಬಳೇ ಚಾಪೆಲನ್ನು ತುಂಬಬಲ್ಲಳು. ಅವಳ ಸಾಲಿನ ಹುಡುಗಿಯರು ದಾರದ ಹಿಂದಿನ ಮಣಿಗಳಂತೆ ಅವಳ ಬೆನ್ನಿಗೇ ಬರುವವರು. ಅವಳು ಆರಂಭಿಸದೆ ಉಳಿದವರು ತುಟಿ ಬಿಚ್ಚುತ್ತಿರಲಿಲ್ಲ. ಅದು ಮೇಷ್ಟ್ರೇ ಹಾಕಿದ ಕಟ್ಟಳೆ.

ಕೋಗಿಲೆ ತರಗತಿಯಲ್ಲಿರಲಿಲ್ಲ. ತೋಟದಲ್ಲೂ ಇರಲಿಲ್ಲ. ಕೊನೆಗೆ ಸಿಕ್ಕಿದ್ದು ಊಟದ ಹಾಲಿನ ಹಿಂದೆ. ಸುತ್ತ ಅವಳ ಸಾಲಿನ ಗೆಳತಿಯರಿದ್ದರು. ಮೇಷ್ಟ್ರನ್ನು ಕಂಡದ್ದೇ ಅವಳು ಎರಡು ಕೈಗಳನ್ನೂ ಬೆನ್ನ ಹಿಂದೆ ಅಡಗಿಸಿದಳು. ಆದರೆ ಅಡಗಿಸಲಾಗದ್ದು ಮುಖದ ಮೇಲಿತ್ತು. ತುಟಿಗಳ ನಡುವೆ, ನಾಣ್ಯ ಒತ್ತಿ ತೆಗೆದಂತೆ, ಕೆಂಪಗೆ ದುಂಡಗೆ ಒಂದು ಗುರುತು!

ಆ ಗುರುತು ಯಾವುದರದೆಂದು ಮೇಷ್ಟ್ರಿಗೆ ಗೊತ್ತಿತ್ತು. ಬಾಮೈದನ ತುಟಿಯ ಮೇಲೆ ಅದನ್ನು ದಿನವೂ ನೋಡುತ್ತಿದ್ದರು.

“ಟ್ರಂಪೆಟ್ಟು,” ಎಂದರು ಮೇಷ್ಟ್ರು. “ನೀನು... ಟ್ರಂಪೆಟ್ಟು!”

“ಎರಡು ಸಂಘದಲ್ಲೂ ಇರಬಹುದು ಅಂತ ಸಿಸ್ಟರೇ ಹೇಳಿದ್ರು ಸಾರ್. ಬ್ಯಾಂಡಿನಲ್ಲಿ ಊದಿ, ಆಮೇಲೆ ನಮ್ಮ ವೃಂದಕ್ಕೆ ಬಂದು ಹಾಡ್ತೀನಿ. ನಿಜವಾಗ್ಲೂ ಸಾರ್, ಗಂಟಲು ಚೆನ್ನಾಗೇ ಇದೆ. ಬೇಕಾದ್ರೆ ಈಗ್ಲೇ...”

“ಬೇಡ!” ಮೇಷ್ಟ್ರ ಕೂಗಿಗೆ ಊಟದ ಹಾಲಿನೊಳಗೆ ಯಾರ ಕೈಯಿಂದಲೋ ತಟ್ಟೆ ಬಿತ್ತು. “ಅವನಿಗೆ ಊದಿದ ಬಾಯಲ್ಲಿ ನನಗೆ ಹಾಡ್ತೀಯಾ? ನಿನಗೆ ಸ್ವರ ಕಲಿಸಿದ್ದು ಇದಕ್ಕಾ? ಇವತ್ತು ನೀನು ಹಾಡೋ ಹಾಗಿಲ್ಲ. ಸಾಲಿನಲ್ಲಿ ನಿಂತ್ಕೊ, ಬಾಯಾಡಿಸು, ಮುಗೀತು. ಮಿಕ್ಕಿದ್ದು ಬಿಷಪ್ಪರು ಹೋದ್ಮೇಲೆ!”

ಹುಡುಗಿಯ ಕಣ್ಣು ತುಂಬಿ ಬಂತು. ಗೆಳತಿಯರ ಕಡೆ ತಿರುಗಿ ಮೇಷ್ಟ್ರು, “ನೀವು ಯಾವಾಗಿನ ಹಾಗೇ ಹಾಡ್ರಮ್ಮ, ಹೆದರಬೇಡಿ,” ಎಂದು ಹೇಳಿ ಹೊರಟರು. ವೃಂದ ದೊಡ್ಡದು, ಒಬ್ಬಳು ಹೋದರೆ ಉಳಿದವರು ತುಂಬಿಕೊಡುತ್ತಾರೆ ಎಂದು ಅವರ ಸಿಟ್ಟು ಅವರಿಗೆ ಸಮಾಧಾನ ಹೇಳಿತು. ಸಿಟ್ಟು ಹೇಳುವ ಲೆಕ್ಕವನ್ನು ತಾಳೆ ನೋಡುವವರು ಯಾರು?

ಮಧ್ಯಾಹ್ನ ಚಾಪೆಲಿನ ಬೆಂಚುಗಳು ಕಿಕ್ಕಿರಿದವು. ಮುಂದಿನ ಕುರ್ಚಿಯಲ್ಲಿ ಬಿಷಪ್ಪರು. ತೆಳ್ಳನೆಯ ದೇಹ, ದಣಿದ ಕಣ್ಣು. ಬಾಗಿಲಲ್ಲಿ ಹೂಗುಚ್ಛ, ಅಂಗಳದಲ್ಲಿ ಸ್ವಾಗತ ಭಾಷಣ, ಕಾರಿಡಾರಿನಲ್ಲಿ ಇನ್ನೊಂದು ಸ್ವಾಗತ ಭಾಷಣ, ಎಲ್ಲವನ್ನೂ ದಾಟಿ ಬಂದು ಕೂತಿದ್ದರು. ಪಕ್ಕದಲ್ಲಿ ಪ್ರಿನ್ಸಿಪಾಲ್ ಸಿಸ್ಟರ್.

ಮೊದಲ ಸರದಿ ಬ್ಯಾಂಡಿನದು. ಬಾಮೈದ ಕೋಲು ಎತ್ತಿದನೋ ಇಲ್ಲವೋ, ಆಕಾಶ ಕಳಚಿ ಬಿದ್ದಂತಾಯಿತು. ಡ್ರಮ್ಮುಗಳು ಎದೆಯ ಒಳಗೇ ಬಡಿದವು. ಬಣ್ಣದ ಗಾಜುಗಳು ಚೌಕಟ್ಟಿನಲ್ಲಿ ಕಟಕಟ ಎಂದವು. ಮೋಂಬತ್ತಿಗಳ ಜ್ವಾಲೆ ಒಂದೇ ಕಡೆ ಬಾಗಿತು. ಹಿಂದಿನ ಬೆಂಚಿನ ವಯಸ್ಸಾದ ಸಿಸ್ಟರೊಬ್ಬರು ಕಿವಿಯ ಯಂತ್ರವನ್ನು ತೆಗೆದು ಕೈಚೀಲಕ್ಕೆ ಹಾಕಿಕೊಂಡು, ಪ್ರಸನ್ನವಾಗಿ ನೋಡುತ್ತ ಕೂತರು. ಮುಗಿದಾಗ ಮಕ್ಕಳ ಚಪ್ಪಾಳೆ ನಿಲ್ಲಲೇ ಇಲ್ಲ. ಬಾಮೈದ ಸೊಂಟ ಬಗ್ಗಿಸಿ ವಂದಿಸಿ, ಭಾವನ ಪಕ್ಕದಲ್ಲೇ ಹಾದುಹೋಗುತ್ತ, “ನಿಮ್ಮ ಆಶೀರ್ವಾದ ಭಾವ,” ಎಂದ. ಮೇಷ್ಟ್ರು ಆಶೀರ್ವದಿಸುವ ಬದಲು ಅವನ ಕಾಲು ತುಳಿದರು.

ಕೋಗಿಲೆ ಟ್ರಂಪೆಟ್ಟನ್ನು ಕೆಳಗಿಟ್ಟು ಓಡಿ ಬಂದು ಸಾಲಿನಲ್ಲಿ ನಿಂತಳು. ವೃಂದ ಸಿದ್ಧವಾಯಿತು. ಬಿಳಿ ಅಂಗಿ, ಬಾಚಿದ ತಲೆ, ಮೇಷ್ಟ್ರ ಕೈಯನ್ನೇ ನೋಡುವ ಕಣ್ಣು. ಮೇಷ್ಟ್ರು ಸುಲಿದ ಗೆಣ್ಣಿನ ಕೈಗಳನ್ನು ಎತ್ತಿದರು. ಕೈ ಇಳಿಯಿತು.

ಬಾಯಿಗಳು ತೆರೆದವು. ಏನೂ ಕೇಳಲಿಲ್ಲ.

ಬ್ಯಾಂಡಿನ ಅಬ್ಬರಕ್ಕೆ ತಮ್ಮ ಕಿವಿಯೇ ಕೆಟ್ಟಿತೆಂದುಕೊಂಡರು ಮೇಷ್ಟ್ರು. ಕಿರುಬೆರಳಿನಿಂದ ಕಿವಿ ತಿರುವಿಕೊಂಡರು. ಆಗ ತಲೆಯ ಮೇಲಿನ ಫ್ಯಾನು ಕಿರ್ ಕಿರ್ ಎನ್ನುವುದು ಕೇಳಿಸಿತು. ಹೊರಗೆ ಸೈಕಲ್ಲಿನ ಗಂಟೆ ಕೇಳಿಸಿತು. ಕಿವಿ ಸರಿಯಾಗಿಯೇ ಇತ್ತು. ಅವರು ಸಾಲುಗಳನ್ನು ಒಂದೊಂದಾಗಿ ನೋಡಿದರು. ಹಿಂದೆ ಬಾಸ್ಕೆಟ್‌ಬಾಲಿನವರು. ಎಡಕ್ಕೆ ವಕೀಲನ ಬೆಂಚು. ನಡುವೆ ಸ್ಕ್ರೂವಿನ ಪರಿವಾರ. ಮುಂದೆ ಕೋಗಿಲೆ, ಕಣ್ಣಲ್ಲಿ ನೀರು ತುಂಬಿಕೊಂಡು ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದಳು. ಅವಳ ಗೆಳತಿಯರು ಯಾವಾಗಿನ ಹಾಗೇ, ಅವಳ ಸ್ವರ ಹೊರಡಲೆಂದು ತೆರೆದ ಬಾಯಲ್ಲಿ ಕಾಯುತ್ತಿದ್ದರು.

ವೃಂದಕ್ಕೆ ವೃಂದವೇ ಬಾಯಾಟ!

ಮಕ್ಕಳಿಗೂ ಅನುಮಾನ ಹತ್ತಿತ್ತು. ಕಣ್ಣುಗಳು ಅತ್ತಿತ್ತ ಹೊರಳುತ್ತಿದ್ದವು. ಆದರೆ ಮೇಷ್ಟ್ರ ಕೈ ಮೇಲೆ ಕೈಯಿಟ್ಟು ಕೊಟ್ಟ ಮಾತನ್ನು, ಅದೂ ಇಂದು ಇಷ್ಟು ಸಿಟ್ಟಿನಲ್ಲಿದ್ದ ಮೇಷ್ಟ್ರಿಗೆ ಕೊಟ್ಟದ್ದನ್ನು, ಮೊದಲು ಮುರಿಯುವ ಎದೆ ಯಾರಿಗಿತ್ತು?

ಕೂಗೋಣವೆಂದರೆ ಚಾಪೆಲು, ಎದುರಿಗೆ ಬಿಷಪ್ಪರು. ಮೇಷ್ಟ್ರು ಕಣ್ಣು ಕೆಕ್ಕರಿಸಿ, ಸದ್ದಿಲ್ಲದೆ, “ಹಾಡ್ರೋ! ಹಾಡ್ರೋ!” ಎಂದು ತುಟಿ ಆಡಿಸಿದರು. ಬಾಯಾಟ ಹೇಗೆ ಮಾಡಬೇಕೆಂದು ಮೇಷ್ಟ್ರೇ ತೋರಿಸುತ್ತಿದ್ದಾರೆಂದು ಮಕ್ಕಳು ಇನ್ನಷ್ಟು ಅಗಲವಾಗಿ ಬಾಯಿ ತೆರೆದರು. ಸದ್ದು ಮಾತ್ರ ಇಲ್ಲ.

ನಿಲ್ಲಿಸಿದರೆ ಸೋತಂತೆ. ಮೇಷ್ಟ್ರು ನಿಲ್ಲಿಸಲಿಲ್ಲ. ಬೆಳಗಿನಿಂದ ಕೂಡಿದ ಸಿಟ್ಟೆಲ್ಲ ಗಂಟಲಿನ ದಾರಿ ಕಾಣದೆ ಕೈಗಿಳಿಯಿತು. ಬೀಗವನ್ನು ಗುದ್ದಿದಂತೆ ತಾಳ ಹಾಕಿದರು; ಬಾಮೈದನ ಕುತ್ತಿಗೆ ಹಿಸುಕಿದಂತೆ ಸ್ವರ ಎಳೆದರು; ಕೊನೆಯ ಚರಣದಲ್ಲಿ ಎರಡೂ ಕೈ ನಡುಗುತ್ತ ಸೂರಿನ ಕಡೆ ಏರಿ, ಮೆಲ್ಲನೆ ಇಳಿದವು. ಬಾಯಿಗಳು ಮುಚ್ಚಿದವು. ಸೈಕಲ್ ಶೆಡ್ಡಿನ ಗ್ರೀಸು ಮೇಷ್ಟ್ರ ಮೂಗಿಗೆ ಆಗಲೇ ಅಡರಿತು.

ಒಂದೂ ಚಪ್ಪಾಳೆ ಬೀಳಲಿಲ್ಲ. ಸಿಸ್ಟರ್ ಮೇಷ್ಟ್ರನ್ನೇ ದಿಟ್ಟಿಸುತ್ತಿದ್ದರು. ಬಾಮೈದನ ಮುಖದಲ್ಲಿ ನಗು ಅರಳುವ ಹವಣಿಕೆಯಲ್ಲಿತ್ತು. ಆಗ ಬಿಷಪ್ಪರು ಕುರ್ಚಿಯಿಂದ ಎದ್ದರು. ಅವರ ಕೆನ್ನೆ ಒದ್ದೆಯಾಗಿತ್ತು.

“ಮಕ್ಕಳೇ,” ಎಂದರು, ಬಹಳ ಮೆಲ್ಲಗೆ. “ನಾನು ಹೋದ ಕಡೆಯಲ್ಲೆಲ್ಲ ಹಾಡ್ತಾರೆ. ಬಾರಿಸ್ತಾರೆ, ಊದ್ತಾರೆ, ಭಾಷಣ ಮಾಡ್ತಾರೆ. ದೇವರ ಹತ್ರ ಒಂದು ಮಾತಾಡೋಣ ಅಂತ ಕಣ್ಣು ಮುಚ್ಚಿದ್ರೆ ಮೈಕು ಕೀಚ್ ಅನ್ನುತ್ತೆ. ಇವತ್ತು ನಿಮ್ಮ ತುಟಿಗಳೆಲ್ಲ ಪ್ರಾರ್ಥಿಸ್ತಾ ಇದ್ವು, ಸದ್ದೇ ಇರಲಿಲ್ಲ. ಎಷ್ಟೋ ದಿನಗಳ ಮೇಲೆ ನಾನೂ ಪ್ರಾರ್ಥಿಸಿದೆ. ಈ ಮೇಷ್ಟ್ರ ಕೈಯಲ್ಲಿ ಎಂಥ ಭಕ್ತಿ! ನಡುಗ್ತಾ ಇದ್ವು, ನೋಡಿದ್ರಾ ಸಿಸ್ಟರ್? ಕೋಣೆ ಇವರಿಗೇ.”

ಬಾಮೈದನ ನಗು ಅರ್ಧಕ್ಕೇ ಬಾಡಿತು. ಮೇಷ್ಟ್ರ ಕಿವಿಯಲ್ಲಿ ಅಮೃತ ಸುರಿದಂತಾಯಿತು. ಗೆದ್ದರು! ಮರದ ನೆಲ, ಎತ್ತರದ ಸೂರು, ಎಲ್ಲ ತಮ್ಮದೇ! ಬೆಳಗಿನಿಂದ ಮೊದಲ ಬಾರಿಗೆ ಅವರ ಹಣೆಯ ನರ ಇಳಿಯಿತು. ಒಂದು ಕ್ಷಣ ಬಾಮೈದನ ಮೇಲೂ ಕನಿಕರ ಹುಟ್ಟಿತು.

“ಇನ್ನು ಮೇಲೆ ಅದು ಮೌನದ ಕೋಣೆ,” ಬಿಷಪ್ಪರು ಮುಂದುವರಿಸಿದರು. “ಅಲ್ಲಿ ವಾದ್ಯ ಇಲ್ಲ, ಹಾಡು ಇಲ್ಲ, ಮಾತೂ ಇಲ್ಲ. ಈ ಮೌನ ವೃಂದ ದಿನಾ ಅಲ್ಲಿ ಸಾಧನೆ ಮಾಡಲಿ. ಮುಂದೆ ನಮ್ಮ ಎಲ್ಲ ಶಾಲೆಗಳಿಗೂ ಹೋಗಿ ಇದೇ ರೀತಿ ಹಾಡದೆ ಬರಲಿ. ಮೇಷ್ಟ್ರೇ, ಇದು ನಿಮ್ಮದೇ ಯೋಚನೆ ತಾನೇ?”

ಅಲ್ಲ ಎಂದರೆ, ಮಕ್ಕಳು ಹಾಡಬೇಕಿತ್ತು, ತಾನೇ ಒಬ್ಬೊಬ್ಬರ ಬಾಯಿ ಕಟ್ಟಿದೆ ಎಂದು ಒಪ್ಪಬೇಕು. ಕೋಣೆ ಆ ಕ್ಷಣವೇ ಬ್ಯಾಂಡಿನ ಪಾಲು. ಹೌದು ಎಂದರೆ, ಆ ಕೋಣೆಯಲ್ಲಿ ಬದುಕಿರುವ ತನಕ ತುಟಿ ಪಿಟಕ್ಕೆನ್ನುವ ಹಾಗಿಲ್ಲ. ಬಾಮೈದ ಆಸೆಗಣ್ಣಿಂದ ನೋಡುತ್ತಿದ್ದ. ಆ ನೋಟವೇ ತೀರ್ಮಾನ ಮಾಡಿತು.

“ಹೌದು ಸ್ವಾಮಿ,” ಎಂದರು ಮೇಷ್ಟ್ರು, ಹಲ್ಲುಗಳ ಸಂದಿಯಿಂದ. “ನನ್ನದೇ.”

“ಇಷ್ಟು ಚೆನ್ನಾಗಿ ಸುಮ್ಮನಿರೋದನ್ನ ಕಲಿಸೋಕೆ ಆ ಕೋಣೇಲಿ ಅಷ್ಟೊಂದು ಕೂಗಾಡ್ತಿದ್ರಾ ಮೇಷ್ಟ್ರೇ!” ಎಂದು ಸಿಸ್ಟರ್ ಬೆರಗಾದರು.

ಬಿಷಪ್ಪರ ಕಾರು ಹೋದ ಮೇಲೆ ಮೇಷ್ಟ್ರು ಚಾಪೆಲಿನ ಮೆಟ್ಟಿಲ ಮೇಲೆ ನಿಂತು ತಮ್ಮ ಗೆಲುವನ್ನು ನುಂಗಲು ನೋಡುತ್ತಿದ್ದರು. ಗಂಟಲಿಗೆ ಅಡ್ಡ ಸಿಕ್ಕಿಕೊಂಡಂತಿತ್ತು. ಬಾಮೈದ ಬಂದು ಕೈ ಕುಲುಕಿದ. ಅವನ ಮುಖ ಆಗಲೇ ತಿಳಿಯಾಗಿತ್ತು.

“ಗೆದ್ರಿ ಭಾವ. ಸಂತೋಷ.”

“ನೀನು ಸೈಕಲ್ ಶೆಡ್ಡಿಗೆ ನಡಿ,” ಎಂದರು ಮೇಷ್ಟ್ರು. ಆ ಒಂದು ಮಾತಿನ ರುಚಿಯಾದರೂ ಅವರಿಗೆ ಉಳಿದಿತ್ತು.

“ಎಲ್ಲಿಯ ಶೆಡ್ಡು? ಬಿಷಪ್ಪರು ಹೊರಡುವಾಗ ಹೇಳಿದ್ರಲ್ಲ, ಮೌನಕ್ಕೆ ಭಂಗ ಬರಬಾರದು, ಬ್ಯಾಂಡು ಕಾಂಪೌಂಡಿನ ಆಚೆ ಎಲ್ಲಾದ್ರೂ ಪ್ರಾಕ್ಟೀಸ್ ಮಾಡಲಿ ಅಂತ. ಸಿಸ್ಟರ್ ತಲೆ ಮೇಲೆ ಕೈ ಹೊತ್ತು ಕೂತಿದ್ರು. ನಾನೇ ಅಕ್ಕನಿಗೆ ಫೋನ್ ಮಾಡಿ ಎಲ್ಲ ಸರಿಮಾಡಿದೆ.”

ಗೇಟಿನ ಹತ್ತಿರ ಶಾಲೆಯ ವ್ಯಾನು ನಿಂತಿತ್ತು. ಬಾಸ್ಕೆಟ್‌ಬಾಲಿನ ಹುಡುಗರು ದೊಡ್ಡ ಡ್ರಮ್ಮನ್ನು ಓರೆ ಮಾಡಿ ಅದರೊಳಗೆ ತುರುಕುತ್ತಿದ್ದರು. ಕೋಗಿಲೆ ಆಗಲೇ ಟ್ರಂಪೆಟ್ಟು ಹಿಡಿದು ಮುಂದಿನ ಸೀಟಿನಲ್ಲಿ ಕೂತಿದ್ದಳು.

“ಏನು ಸರಿಮಾಡಿದೆ? ಯಾವ ಅಕ್ಕ? ಎಲ್ಲಿಗೆ ಹೋಗ್ತಿದೆಯೋ ಅದು?”

“ನಿಮ್ಮ ಮನೆಗೇ, ಇನ್ನೆಲ್ಲಿಗೆ? ಟ್ರಂಪೆಟ್ಟಿನೋರು ನಡುಮನೇಲಿ, ಸಣ್ಣ ಡ್ರಮ್ಮಿನೋರು ಅಡುಗೆಮನೆ ಪಕ್ಕ. ದಿನಾ ಬೆಳಿಗ್ಗೆ, ಮತ್ತೆ ಸಂಜೆ. ಈ ದೊಡ್ಡದು ಮಾತ್ರ ಎಲ್ಲೂ ಹಿಡಿಸ್ತಿಲ್ಲ.” ಬಾಮೈದ ಕಾಳಜಿಯಿಂದ ಭಾವನ ಹೆಗಲ ಮೇಲೆ ಕೈಯಿಟ್ಟ. “ಅಕ್ಕ ಕೇಳು ಅಂದ್ಲು ಭಾವ, ನಿಮ್ಮ ಮಂಚನ ನೀವೇ ಬಂದು ಹೊರಗಿಡ್ತೀರಾ, ಇಲ್ಲ ಹುಡುಗರ ಕೈಲೇ ಎತ್ತಿಸಿಬಿಡಲಾ ಅಂತ.”